ಹಿಟ್ಟಿನ ಕೋಳಿಯ ಕೂಗು: ‘ಯಶೋಧರ ಚರಿತೆ’ಯಲ್ಲಿ ಸಂಘರ್ಷ ಮತ್ತು ಆಶಯ

ಹೊಯ್ಸಳ ದೊರೆ ವೀರಬಲ್ಲಾಳನ ಆಸ್ಥಾನಕವಿಯಾಗಿದ್ದ ಜನ್ನನು ಕ್ರಿ.ಶ. 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯು ಗಾತ್ರದಲ್ಲಿ ಚಿಕ್ಕ ಕಾವ್ಯ. ನಾಲ್ಕು ಅವತಾರಗಳು, ಮುನ್ನೂರಕ್ಕೂ ತುಸು ಹೆಚ್ಚು ಪದ್ಯಗಳು, ಅವುಗಳಲ್ಲಿ ಬಹುಪಾಲು ಕಂದಗಳು. ಚಂಪೂವಿನ ವಿಸ್ತಾರವಾದ ವರ್ಣನೆಗಳಿಗೆ ಒಗ್ಗಿಹೋಗಿದ್ದ ಕಾಲದಲ್ಲಿ ಇಷ್ಟು ಬಿಗಿಯಾಗಿ ಕತೆ ಹೇಳಿದ ಕವಿ ಅಪರೂಪ. ಕಥನ ಸಾಹಿತ್ಯದಲ್ಲಿ ಸಂಘರ್ಷವೆಂದರೇನು, ಆಶಯವೆಂದರೇನು ಎಂಬ ಪ್ರಶ್ನೆಗೆ ಕನ್ನಡದಲ್ಲಿ ಉದಾಹರಣೆ ಹುಡುಕುವವರು ಈ ಕಾವ್ಯದ ಬಳಿಗೆ ಬರುವುದು ಸಹಜ. ಬಂದವರಲ್ಲಿ ಹೆಚ್ಚಿನವರು ಒಂದೇ ಬಗೆಯ ಉತ್ತರವನ್ನು ಹಿಡಿದುಕೊಂಡು ಮರಳುತ್ತಾರೆ: ರಾಣಿ ಅಮೃತಮತಿಯು ಕುರೂಪಿಯಾದ ಮಾವುತ ಅಷ್ಟಾವಂಕನಿಗೆ ಒಲಿದದ್ದು ಕಾವ್ಯದ ಸಂಘರ್ಷ, ಅಹಿಂಸೆಯೇ ಪರಮಧರ್ಮ ಎಂಬುದು ಕಾವ್ಯದ ಆಶಯ.

ಎರಡೂ ಉತ್ತರಗಳು ಮೇಲ್ನೋಟಕ್ಕೆ ಸರಿಯಾಗಿಯೇ ಇವೆ. ತೊಡಕು ಇರುವುದು ಅವೆರಡರ ನಡುವೆ. ಹೆಂಡತಿಯ ಪರಪುರುಷಪ್ರೇಮಕ್ಕೂ ಪ್ರಾಣಿಬಲಿಯ ನಿಷೇಧಕ್ಕೂ ಏನು ಸಂಬಂಧ? ಸಂಬಂಧ ಕಾಣದಿದ್ದಾಗ ವಿಮರ್ಶೆಯು ಸುಲಭದ ದಾರಿಯೊಂದನ್ನು ಹಿಡಿಯುತ್ತದೆ. ಮೊದಲ ಭಾಗ ಕಾವ್ಯ, ಉಳಿದದ್ದು ಧರ್ಮೋಪದೇಶ. ಜನ್ನನೊಳಗಿನ ಕವಿ ಅಮೃತಮತಿಯನ್ನು ಸೃಷ್ಟಿಸಿದ, ಜನ್ನನೊಳಗಿನ ಜೈನ ಅವಳನ್ನು ನರಕಕ್ಕೆ ಕಳುಹಿಸಿದ ಎಂಬ ಮಾತು ತರಗತಿಗಳಲ್ಲಿ ಈಗಲೂ ಕೇಳಿಬರುತ್ತದೆ. ಕಾವ್ಯವನ್ನು ಹೀಗೆ ನಡುವೆ ಸೀಳಿದ ಮೇಲೆ ಎರಡು ಹೋಳುಗಳೂ ನಿರ್ಜೀವವಾಗುತ್ತವೆ. ಆಶಯವೆಂಬುದು ಕತೆ ಮುಗಿದ ಮೇಲೆ ಅದರ ಬಾಲಕ್ಕೆ ಕಟ್ಟುವ ನೀತಿವಾಕ್ಯವಲ್ಲ. ಸಂಘರ್ಷವು ಯಾವ ಪ್ರಶ್ನೆಯನ್ನು ಬಿಡಿಸಲಾರದೆ ಒದ್ದಾಡುತ್ತದೆಯೋ ಆ ಪ್ರಶ್ನೆಯೇ ಆಶಯ. ಆದುದರಿಂದ ‘ಯಶೋಧರ ಚರಿತೆ’ಯಲ್ಲಿ ಆಶಯ ಹೊರಗಿನಿಂದ ಬಂದಂತೆ ತೋರುತ್ತಿದ್ದರೆ, ಸಂಘರ್ಷವನ್ನು ಗುರುತಿಸುವಲ್ಲಿಯೇ ಎಲ್ಲೋ ಎಡವಿದಂತೆ.

ಕತೆಯ ಚರಿತ್ರೆಯನ್ನು ಮೊದಲು ಗಮನಿಸಬೇಕು. ಇದು ಜನ್ನನ ಕಲ್ಪನೆಯಲ್ಲ. ಎಂಟನೆಯ ಶತಮಾನದ ಹರಿಭದ್ರಸೂರಿಯ ಪ್ರಾಕೃತ ‘ಸಮರಾಇಚ್ಚಕಹಾ’ದಲ್ಲಿಯೇ ಈ ಕಥೆ ಬೇರೆ ಹೆಸರುಗಳಲ್ಲಿ ದೊರೆಯುತ್ತದೆ. ಹತ್ತನೆಯ ಶತಮಾನದಲ್ಲಿ ಇದಕ್ಕೆ ವಿಶೇಷವಾದ ಮನ್ನಣೆ ಬಂತು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟದಲ್ಲಿ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ನೆಲೆಸಿದ್ದ ಪುಷ್ಪದಂತನು ಅಪಭ್ರಂಶದಲ್ಲಿ ‘ಜಸಹರಚರಿಉ’ ಬರೆದನು. ಸೋಮದೇವಸೂರಿಯು ಕ್ರಿ.ಶ. 959ರಲ್ಲಿ ಗಂಗಧಾರದಲ್ಲಿ ಸಂಸ್ಕೃತದ ‘ಯಶಸ್ತಿಲಕ ಚಂಪೂ’ವನ್ನು ಮುಗಿಸಿದನು. ಆ ಪ್ರದೇಶ ಪಂಪನ ಆಶ್ರಯದಾತ ಅರಿಕೇಸರಿಯ ವಂಶದ ಚಾಳುಕ್ಯರ ಆಳ್ವಿಕೆಗೆ ಸೇರಿದ್ದು. ಪಂಪನ ತಮ್ಮ ಜಿನವಲ್ಲಭನ ಶಾಸನವಿರುವ ಕುರಿಕ್ಯಾಲವೂ ಅದರ ಹತ್ತಿರದಲ್ಲೇ ಇದೆ. ಹನ್ನೊಂದನೆಯ ಶತಮಾನದಲ್ಲಿ ವಾದಿರಾಜನು ನಾಲ್ಕೇ ಸರ್ಗಗಳ ಸಂಸ್ಕೃತ ಕಾವ್ಯವಾಗಿ ಇದನ್ನು ಸಂಗ್ರಹಿಸಿದನು. ಜನ್ನನಿಗೆ ಮೇಲ್ಪಂಕ್ತಿಯಾದದ್ದು ಈ ಕೊನೆಯ ಕೃತಿ. ನಾಲ್ಕು ಭಾಷೆಗಳಲ್ಲಿ ಐದು ಶತಮಾನಗಳ ಕಾಲ ಜೈನ ವಿದ್ವಾಂಸರು ಒಂದೇ ಕತೆಯನ್ನು ಮತ್ತೆ ಮತ್ತೆ ಕೈಗೆತ್ತಿಕೊಂಡದ್ದು ಬರಿಯ ಜಾರತನದ ರೋಚಕತೆಗಾಗಿ ಇರಲಾರದು. ಆ ರೋಚಕತೆಗೆ ಬೇರೆ ಕತೆಗಳು ಬೇಕಾದಷ್ಟಿದ್ದವು.

ಕಾವ್ಯ ಆರಂಭವಾಗುವುದು ಅಮೃತಮತಿಯಿಂದಲ್ಲ. ರಾಜಪುರದ ಅರಸ ಮಾರಿದತ್ತನು ಚಂಡಮಾರಿ ದೇವತೆಯ ಜಾತ್ರೆಯಲ್ಲಿ ಜೀವರಾಶಿಗಳನ್ನು ಜೋಡಿ ಜೋಡಿಯಾಗಿ ಬಲಿಕೊಡಲು ನಿಂತಿದ್ದಾನೆ. ಮನುಷ್ಯರ ಜೋಡಿಯೊಂದು ಬೇಕು. ತಳಾರ ಚಂಡಕರ್ಮನು ಸುದತ್ತಾಚಾರ್ಯರ ಶಿಷ್ಯರಾದ ಅಭಯರುಚಿ, ಅಭಯಮತಿ ಎಂಬ ಎಳೆಯ ಅಣ್ಣತಂಗಿಯರನ್ನು ಹಿಡಿದು ತರುತ್ತಾನೆ. ಸಾವಿನ ಮುಂದೆಯೂ ಅಳುಕದ ಆ ಮಕ್ಕಳನ್ನು ಕಂಡು ಬೆರಗಾದ ಅರಸನು ನೀವು ಯಾರೆಂದು ಕೇಳುತ್ತಾನೆ. ಅದಕ್ಕೆ ಉತ್ತರವಾಗಿ ಅಭಯರುಚಿಯ ಬಾಯಿಂದ ಹೊರಡುವುದೇ ಯಶೋಧರನ ಕತೆ. ಕತೆಯ ಉದ್ದಕ್ಕೂ ಕೇಳುಗನ ಮುಂದೆ ಬಲಿಯ ಖಡ್ಗ ಇದೆ. ಈ ಹೊರಚೌಕಟ್ಟನ್ನು ಪೀಠಿಕೆಯೆಂದು ದಾಟಿಹೋಗುವ ಓದುಗರು ಕಾವ್ಯದ ಅರ್ಧವನ್ನು ಕಳೆದುಕೊಳ್ಳುತ್ತಾರೆ.

ಉಜ್ಜಯಿನಿಯ ಯಶೋಧರನಿಗೆ ಒಂದು ರಾತ್ರಿ ಹೆಂಡತಿಯ ಗುಟ್ಟು ತಿಳಿಯುತ್ತದೆ. ಗಜಶಾಲೆಯಿಂದ ತೇಲಿಬಂದ ಹಾಡಿಗೆ ಮನಸೋತು, ಹಾಡಿದವನ ರೂಪ ಹೇಗಿದೆಯೆಂದು ಗೆಳತಿ ಬಂದು ಹೇಳಿದ ಮೇಲೆಯೂ ಹಿಂಜರಿಯದೆ ಹೋದವಳು ಅಮೃತಮತಿ. ತಡವಾಗಿ ಬಂದಳೆಂದು ಅಷ್ಟಾವಂಕನು ಅವಳನ್ನು ಹೊಡೆಯುವುದನ್ನೂ, ಅವಳು ಅದನ್ನು ಸಹಿಸಿಕೊಂಡು ಅವನನ್ನೇ ಓಲೈಸುವುದನ್ನೂ ಹಿಂಬಾಲಿಸಿ ಬಂದ ಅರಸ ಕಣ್ಣಾರೆ ನೋಡುತ್ತಾನೆ. ಕತ್ತಿ ಎತ್ತುತ್ತಾನೆ. ಎತ್ತಿದ ಕತ್ತಿಯನ್ನು ಇಳಿಸುತ್ತಾನೆ.

ಈ ಕ್ಷಣದ ಮೇಲೆ ಓದು ನಿಲ್ಲಬೇಕು. ಅರಸನು ಕೊಲ್ಲಲಿಲ್ಲ, ಆದರೆ ಏಕೆ ಕೊಲ್ಲಲಿಲ್ಲ? ವೈರಿರಾಜರನ್ನು ಕಂಡ ಖಡ್ಗವನ್ನು ಇಂಥ ಕ್ಷುದ್ರರ ಮೇಲೆ ಪ್ರಯೋಗಿಸುವುದು ತನಗೆ ತಕ್ಕುದಲ್ಲ ಎಂಬ ಆಲೋಚನೆ ಅವನನ್ನು ತಡೆಯುತ್ತದೆ. ಅದರಲ್ಲಿ ಸಂಸಾರದ ಬಗ್ಗೆ ಹುಟ್ಟಿದ ಹೇಸಿಗೆ ಇದೆ, ಕ್ಷತ್ರಿಯನ ಅಭಿಮಾನವೂ ಇದೆ. ಕೋಪ ಶಮನವಾಯಿತೆಂದು ಹೇಳಲು ಮಾತ್ರ ಆಧಾರವಿಲ್ಲ. ಮರುದಿನ ಅವನು ನಡೆದುಕೊಳ್ಳುವ ರೀತಿಯೇ ಅದನ್ನು ಬಯಲು ಮಾಡುತ್ತದೆ. ಸರಸವೆಂಬಂತೆ ಹೆಂಡತಿಯನ್ನು ಹೂವಿನಿಂದ ಹೊಡೆಯುತ್ತಾನೆ. ಅವಳು ಮೂರ್ಛೆ ಹೋದಾಗ ಅವನ ಬಾಯಲ್ಲಿ ಬರುವುದು ಚುಚ್ಚುಮಾತು. ರಾತ್ರಿ ಮಾವುತನ ಏಟನ್ನು ತಾಳಿಕೊಂಡವಳು ಹಗಲು ಹೂವಿನ ಏಟಿಗೆ ಬೀಳುವ ಈ ವ್ಯಂಗ್ಯವನ್ನು ವಿಮರ್ಶಕರು ಹಾಡಿ ಹೊಗಳಿದ್ದಾರೆ. ಹೊಗಳಿಕೆಗೆ ಅದು ಯೋಗ್ಯವೂ ಹೌದು. ಆದರೆ ಆ ಹೂವು ಅಲ್ಲಿ ಮಾಡುತ್ತಿರುವ ಕೆಲಸ ಇನ್ನೊಂದಿದೆ: ಅದು ಕತ್ತಿಯ ಬದಲಿಗೆ ಬಂದ ಹೂವು.

ಬದಲಿಗಳ ಸಾಲು ಅಲ್ಲಿಗೇ ನಿಲ್ಲುವುದಿಲ್ಲ. ಮಗನ ಮುಖ ಬಾಡಿದ್ದನ್ನು ಕಂಡು ತಾಯಿ ಚಂದ್ರಮತಿ ಕಾರಣ ಕೇಳುತ್ತಾಳೆ. ಯಶೋಧರನು ನಡೆದದ್ದನ್ನು ಹೇಳಲಾರ. ಕೆಟ್ಟ ಕನಸು ಕಂಡೆನೆಂದು ಹೇಳುತ್ತಾನೆ. ಮಗ ಹೇಳಿದ್ದನ್ನು ನಂಬಿದ ತಾಯಿ ದುಃಸ್ವಪ್ನಕ್ಕೆ ಲೋಕರೂಢಿಯ ಪರಿಹಾರವನ್ನೇ ಸೂಚಿಸುತ್ತಾಳೆ: ದೇವತೆಗೆ ಪ್ರಾಣಿಬಲಿ. ಅವಳ ತಪ್ಪು ಇಲ್ಲಿ ಎಷ್ಟು ಎಂಬುದನ್ನು ನಿಧಾನವಾಗಿ ತೂಗಬೇಕು. ಸುಳ್ಳು ರೋಗಕ್ಕೆ ಅವಳು ಮದ್ದು ಹೇಳಿದಳು. ನಿಜವಾದ ರೋಗವನ್ನು ಅವಳಿಗೆ ಯಾರೂ ತಿಳಿಸಿರಲಿಲ್ಲ. ಜೀವವಧೆಗೆ ತಾನು ಒಪ್ಪಲಾರೆನೆಂದು ಮಗ ಹಟ ಹಿಡಿಯುತ್ತಾನೆ. ತಾಯಿಗೆ ಮಗನ ಪ್ರಾಣದ ಭಯ, ಮಗನಿಗೆ ಧರ್ಮದ ಭಯ. ಸೋಮದೇವನ ‘ಯಶಸ್ತಿಲಕ’ದಲ್ಲಿ ಈ ಎಡೆ ದೀರ್ಘವಾದ ಶಾಸ್ತ್ರಾರ್ಥವಾಗಿ ಬೆಳೆದಿದೆ, ಬಲಿಯ ಪರವಾಗಿ, ವಿರೋಧವಾಗಿ ಪ್ರಮಾಣಗಳ ಮಳೆಯೇ ಸುರಿಯುತ್ತದೆ. ಜನ್ನನು ವಾದವನ್ನು ಕಿರಿದುಗೊಳಿಸಿ ತಾಯಿಮಕ್ಕಳ ಸಂಕಟವನ್ನು ಮುಂದೆ ತಂದನು. ಪಾಂಡಿತ್ಯದಲ್ಲಿ ಸೋಮದೇವನ ಎತ್ತರಕ್ಕೆ ನಿಲ್ಲುವವರು ಕಡಮೆ. ಆದರೆ ಕತೆಗಾರನಾಗಿ ಇಲ್ಲಿ ಗೆದ್ದವನು ಜನ್ನನೇ.

ಕೊನೆಗೆ ಒಪ್ಪಂದವಾಗುತ್ತದೆ. ಜೀವಂತ ಕೋಳಿ ಬೇಡ, ಹಿಟ್ಟಿನ ಕೋಳಿಯನ್ನು ಮಾಡಿ ಬಲಿ ಕೊಡೋಣ ಎಂದು ತಾಯಿ ಹೇಳುತ್ತಾಳೆ. ಮಗ ಅರೆಮನಸ್ಸಿನಿಂದ ಒಪ್ಪುತ್ತಾನೆ. ಕತ್ತಿಯ ಬದಲು ಹೂವು, ನಡೆದದ್ದರ ಬದಲು ಕನಸು, ಈಗ ಕೋಳಿಯ ಬದಲು ಹಿಟ್ಟು. ಆ ರಾತ್ರಿ ಎದುರಾದ ಸತ್ಯವನ್ನು ಮೂರು ಬಾರಿಯೂ ಅರಸ ನೇರವಾಗಿ ಎದುರಿಸಲಿಲ್ಲ. ಮೂರು ಬಾರಿಯೂ ಒಂದು ಬದಲಿಯನ್ನು ಮುಂದೆ ಮಾಡಿದನು. ರಾತ್ರಿ ಇಳಿಸಿದ ಕತ್ತಿಯನ್ನು ಅವನು ಚಂಡಿಕೆಯ ಮುಂದೆ ಮತ್ತೆ ಎತ್ತುತ್ತಾನೆ. ಮನುಷ್ಯರಿಬ್ಬರ ಮೇಲೆ ಬೀಳದ ಏಟು ಹಿಟ್ಟಿನ ಮುದ್ದೆಯ ಮೇಲೆ ಬೀಳುತ್ತದೆ. ಆ ಹಿಟ್ಟಿನ ಕೋಳಿ ಕೂಗುತ್ತದೆ.

ಅಮೃತಮತಿಯ ಪ್ರಸಂಗಕ್ಕೂ ಅಹಿಂಸೆಯ ಆಶಯಕ್ಕೂ ಇರುವ ನಂಟು ಇದು. ಅರಸ ಮತ್ತು ಮಾವುತನ ನಡುವೆ ಸಂಘರ್ಷ ನಡೆಯುವುದೇ ಇಲ್ಲ. ಮಾವುತನಿಗೆ ಅರಸ ಬಂದದ್ದೂ ತಿಳಿಯದು. ಕಾದಾಟ ನಡೆದದ್ದು ಯಶೋಧರನ ಒಳಗೆ, ಕೊಲ್ಲಬೇಕೆಂಬ ಬಯಕೆಗೂ ಕೊಲ್ಲಬಾರದೆಂಬ ಅರಿವಿಗೂ ನಡುವೆ. ಹೊರಗೆ ಅದು ತಾಯಿ ಮಗನ ನಡುವಿನ ವಾದವಾಗಿ ಕಾಣಿಸಿಕೊಂಡು, ರಾಜಿಯಲ್ಲಿ ಕೊನೆಗೊಂಡಿತು. ಕಾವ್ಯವು ಪರೀಕ್ಷೆಗೆ ಒಡ್ಡುವುದು ಆ ರಾಜಿಯನ್ನು.

ರಾಜಿಯ ಒಳತರ್ಕವನ್ನು ಬಿಡಿಸಿ ನೋಡಿದರೆ ಅದರ ಬಿರುಕು ಕಾಣುತ್ತದೆ. ಹಿಟ್ಟಿನ ಕೋಳಿ ಕೋಳಿಯಲ್ಲವಾದರೆ ದೇವತೆಗೆ ಬಲಿ ಸಲ್ಲಲಿಲ್ಲ, ಕನಸಿನ ದೋಷವೂ ಹೋಗಲಿಲ್ಲ. ಬಲಿ ಸಂದಿತೆನ್ನುವುದಾದರೆ ಅದು ಕೋಳಿಯೇ ಆಗಿರಬೇಕು, ಕಡಿದದ್ದು ಕೊಲೆಯೇ ಆಗಿರಬೇಕು. ದೇವತೆಯ ಮುಂದೆ ಇದು ಕೋಳಿ, ಧರ್ಮದ ಮುಂದೆ ಇದು ಹಿಟ್ಟು ಎಂದು ಏಕಕಾಲಕ್ಕೆ ಹೇಳಲಾಗದು. ಜೈನ ಆಚಾರಶಾಸ್ತ್ರವು ಹಿಂಸೆಯನ್ನು ದ್ರವ್ಯಹಿಂಸೆ, ಭಾವಹಿಂಸೆ ಎಂದು ಬಿಡಿಸಿ ಹೇಳುವುದು ಇಂಥ ಕಡೆಗಾಗಿಯೇ. ಅಮೃತಚಂದ್ರಸೂರಿಯ ‘ಪುರುಷಾರ್ಥಸಿದ್ಧ್ಯುಪಾಯ’ದ ಪ್ರಕಾರ ರಾಗಾದಿಗಳ ಹುಟ್ಟೇ ಹಿಂಸೆ, ಹೊರಗೆ ಜೀವ ಹೋಗಲಿಲ್ಲವೆಂಬ ಮಾತ್ರಕ್ಕೆ ಅದರ ಫಲ ತಪ್ಪದು. ಕುಂದಕುಂದರ ‘ಭಾವಪಾಹುಡ’ ನೆನೆಯುವ ಅಕ್ಕಿಕಾಳಿನಷ್ಟು ಚಿಕ್ಕ ಮೀನಿನ ಕತೆಯೂ ಇದೇ ಜಾತಿಯದು. ಆ ಮೀನು ಯಾರನ್ನೂ ನುಂಗಲಿಲ್ಲ, ನುಂಗುವ ಶಕ್ತಿಯೂ ಅದಕ್ಕಿರಲಿಲ್ಲ. ಮಹಾಮತ್ಸ್ಯದ ದೇಹ ತನಗಿದ್ದಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲವೆಂದು ಬಗೆದ ಮಾತ್ರಕ್ಕೆ ಅದು ನರಕಕ್ಕೆ ಬಿದ್ದಿತು. ಯಶೋಧರನ ಪ್ರಕರಣ ಅದಕ್ಕಿಂತ ತೊಡಕಿನದು. ಮೀನಿಗೆ ಬಯಕೆಯಿತ್ತು, ಕ್ರಿಯೆಯಿರಲಿಲ್ಲ. ಇವನಲ್ಲಿ ಕ್ರಿಯೆ ಇದೆ, ಬಯಕೆ ಅರೆಬರೆಯಾಗಿದೆ. ಅರೆಮನಸ್ಸಿನ ಸಂಕಲ್ಪವೂ ಸಂಕಲ್ಪವೇ ಎಂಬ ಪ್ರಶ್ನೆಗೆ ಶಾಸ್ತ್ರ ವಾಕ್ಯಗಳಲ್ಲಿ ಉತ್ತರಿಸಬಹುದು. ಕಾವ್ಯ ಒಂದು ಕೂಗಿನಲ್ಲಿ ಉತ್ತರಿಸುತ್ತದೆ.

ಇದು ಬರಿಯ ತರ್ಕದ ಆಟವೆಂದು ಭಾವಿಸಬಾರದು. ಜೀವಂತ ಪಶುವಿನ ಬದಲು ಪಿಷ್ಟಪಶು ಎಂಬುದು ಭಾರತದ ಧಾರ್ಮಿಕ ಚರಿತ್ರೆಯಲ್ಲಿ ನಿಜವಾಗಿ ಚಾಲ್ತಿಯಲ್ಲಿದ್ದ ಪರಿಹಾರ. ‘ಮನುಸ್ಮೃತಿ’ಯಲ್ಲಿಯೇ ತುಪ್ಪದ ಪಶು, ಹಿಟ್ಟಿನ ಪಶುಗಳ ಉಲ್ಲೇಖವಿದೆ. ಜನ್ನನ ಕಾವ್ಯ ಹುಟ್ಟಿದ ಹದಿಮೂರನೆಯ ಶತಮಾನದಲ್ಲಿಯೇ ಕರಾವಳಿಯಲ್ಲಿ ಬೆಳೆದ ಮಾಧ್ವ ಸಂಪ್ರದಾಯವು ಯಜ್ಞದಲ್ಲಿ ಪಿಷ್ಟಪಶುವನ್ನು ಒಪ್ಪಿಕೊಂಡಿತು. ರಕ್ತಪಾತವನ್ನು ನಿಲ್ಲಿಸುವ ದೃಷ್ಟಿಯಿಂದ ಅದು ಸಣ್ಣ ಹೆಜ್ಜೆಯಲ್ಲ. ಉಳಿದ ಆಡುಗಳ ಕಡೆಯಿಂದ ನೋಡಿದರೆ ಹಿಟ್ಟು ಖಂಡಿತವಾಗಿ ಮೇಲು. ಜೈನ ಕವಿಗಳಿಗೆ ಈ ಲಾಭ ಕಾಣಲಿಲ್ಲವೆಂದಲ್ಲ. ಪ್ರಾಣಿ ಉಳಿದರೂ ಕೊಲ್ಲುವವನು ಉಳಿಯುವನೇ ಎಂಬುದು ಅವರ ಪ್ರಶ್ನೆಯಾಗಿತ್ತು. ಒಂದೇ ನಾಡಿನಲ್ಲಿ ಎರಡು ಧರ್ಮಗಳು ಒಂದೇ ಹಿಟ್ಟಿನ ಮುದ್ದೆಯನ್ನು ಎರಡು ಬಗೆಯಲ್ಲಿ ನೋಡಿದವು. ‘ಯಶೋಧರ ಚರಿತೆ’ಯ ಮೊದಲ ಕೇಳುಗರಿಗೆ ಆ ಕೋಳಿ ಕಾಲ್ಪನಿಕ ವಸ್ತುವಾಗಿರಲಿಲ್ಲ.

ಮುಂದಿನ ಕತೆಯನ್ನು ಅನೇಕರು ಬೇಸರದಿಂದ ಓದುತ್ತಾರೆ. ವೈರಾಗ್ಯ ತಾಳಿ ಮಗ ಯಶೋಮತಿಗೆ ರಾಜ್ಯವೊಪ್ಪಿಸಲು ಹೊರಟ ಯಶೋಧರನನ್ನೂ ಅವನ ತಾಯಿಯನ್ನೂ ಅಮೃತಮತಿ ವಿಷವಿಕ್ಕಿ ಕೊಲ್ಲುತ್ತಾಳೆ. ತಾಯಿಮಗ ಇಬ್ಬರೂ ನವಿಲು, ನಾಯಿ, ಹಾವು, ಮೀನು, ಮೊಸಳೆ, ಆಡು, ಕೋಣ, ಕೋಳಿ ಎಂದು ಜನ್ಮಗಳನ್ನು ತೊಳಲುತ್ತಾರೆ. ಭವಾವಳಿ ಜೈನ ಕಥನದ ರೂಢಿ ಎಂಬ ಷರಾ ಬರೆದು ಪುಟ ತಿರುಗಿಸುವುದು ಸುಲಭ. ಆದರೆ ಸಂಘರ್ಷ ಯಾರದೆಂಬುದಕ್ಕೆ ಅತ್ಯಂತ ಬಲವಾದ ಸಾಕ್ಷ್ಯ ಇಲ್ಲಿದೆ. ಕಾವ್ಯದ ಆಶಯ ಜಾರತನದ ಖಂಡನೆಯಾಗಿದ್ದರೆ ಕವಿಯು ಅಮೃತಮತಿಯ ಬೆನ್ನು ಹತ್ತಬೇಕಿತ್ತು. ಅವಳ ದುರ್ಗತಿಗೆ ಸಿಗುವುದು ಚುಟುಕಾದ ಉಲ್ಲೇಖ. ಭವದಿಂದ ಭವಕ್ಕೆ ಕವಿಯ ಕಣ್ಣು ಹಿಂಬಾಲಿಸುವುದು ಹಿಟ್ಟಿನ ಕೋಳಿಯ ಮುಂದೆ ಕೈಜೋಡಿಸಿದ ಇಬ್ಬರನ್ನು. ಆ ಜನ್ಮಗಳ ಒಳವಿವರಗಳೂ ಯಾದೃಚ್ಛಿಕವಲ್ಲ. ನಾಯಿಯಾಗಿ ಹುಟ್ಟಿದ ತಾಯಿ ನವಿಲಾಗಿ ಹುಟ್ಟಿದ ಮಗನನ್ನು ಕೊಲ್ಲುತ್ತಾಳೆ. ತಂದೆಯ ಸದ್ಗತಿಗೆಂದು ಯಶೋಮತಿ ಮಾಡಿಸಿದ ಶ್ರಾದ್ಧದ ಅಡಿಗೆಗೆ ಆ ತಂದೆಯ ಜೀವವಿರುವ ಪ್ರಾಣಿಯ ಮಾಂಸವೇ ಒದಗುತ್ತದೆ. ಹಿಟ್ಟಿನಿಂದ ಮುಚ್ಚಿಟ್ಟದ್ದನ್ನು ಈ ಜನ್ಮಗಳು ಮಾಂಸದಲ್ಲಿ ತೆರೆದು ತೋರಿಸುತ್ತವೆ. ಬದಲಿಗಳ ಕತೆ ಈಗ ತಲೆಕೆಳಗಾಗಿದೆ: ಅಂದು ಪ್ರಾಣಿಯ ಜಾಗಕ್ಕೆ ಹಿಟ್ಟು ಬಂದಿತ್ತು, ಇಂದು ಪ್ರಾಣಿಯ ಜಾಗದಲ್ಲಿ ತಾವೇ ಇದ್ದಾರೆ. ಕೊನೆಗೆ ಕೋಳಿಗಳಾಗಿ ಹುಟ್ಟಿ, ಮುನಿಯ ಉಪದೇಶ ಕಿವಿಗೆ ಬಿದ್ದು ಪೂರ್ವಸ್ಮರಣೆ ಬಂದಾಗ ಅವು ಕೂಗುತ್ತವೆ. ಆ ದನಿಯನ್ನು ಗುರಿಯಾಗಿಸಿ ಯಶೋಮತಿ ಬಿಟ್ಟ ಒಂದೇ ಬಾಣಕ್ಕೆ ಎರಡೂ ಸಾಯುತ್ತವೆ. ಹಿಟ್ಟಿನ ಕೋಳಿಯ ಕೂಗಿನಲ್ಲಿ ತೊಡಗಿದ್ದು ನಿಜದ ಕೋಳಿಗಳ ಕೂಗಿನಲ್ಲಿ ತೀರುತ್ತದೆ.

ಒಂದು ಹಿಟ್ಟಿನ ಮುದ್ದೆಗೆ ಇಷ್ಟೊಂದು ಶಿಕ್ಷೆಯೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಪ್ರಶ್ನೆ ನ್ಯಾಯವಾದದ್ದು, ಕರ್ಮಸಿದ್ಧಾಂತದ ಪಾರಿಭಾಷಿಕ ಸಮರ್ಥನೆಯಿಂದ ಅದನ್ನು ಬಾಯಿಮುಚ್ಚಿಸಬೇಕಾಗಿಲ್ಲ. ಉತ್ತರ ಹೊರಚೌಕಟ್ಟಿನಲ್ಲಿದೆ. ಈ ಕತೆಯನ್ನು ಕೇಳುತ್ತಿರುವವನು ಮಾರಿದತ್ತ. ಅವನ ಸುತ್ತ ಕಟ್ಟಿಹಾಕಿದ ಪ್ರಾಣಿಗಳ ಹಿಂಡಿದೆ, ಎದುರಿಗೆ ಇಬ್ಬರು ಮಕ್ಕಳಿದ್ದಾರೆ. ಪಾಪ ಮತ್ತು ಫಲಗಳ ನಡುವಿನ ಅಳತೆಮೀರಿದ ಅಂತರವನ್ನು ಕಟ್ಟಿರುವುದು ಅವನ ಕಿವಿಗಾಗಿ. ಅರೆಮನಸ್ಸಿನಿಂದ ಹಿಟ್ಟನ್ನು ಕಡಿದವನ ಪಾಡು ಇದಾದರೆ ತುಂಬುಮನಸ್ಸಿನಿಂದ ಜೀವಗಳನ್ನು ಕಡಿಯಲು ನಿಂತವನ ಪಾಡೇನು ಎಂಬ ಮಾತನ್ನು ಅಭಯರುಚಿ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಉಪದೇಶವೆನ್ನುವುದಾದರೆ ಇದು ಉಪದೇಶವೇ. ಆದರೆ ಕೊಲೆಗಾರನ ಮುಂದೆ ನಿಂತು, ಪ್ರಾಣವನ್ನು ಪಣವಾಗಿಟ್ಟು ಮಾಡಿದ ಉಪದೇಶ. ಮಾರಿದತ್ತನ ಕತ್ತಿ ಇಳಿಯುತ್ತದೆ. ಯಶೋಧರನದು ಇಳಿದು ಮತ್ತೆ ಎದ್ದಿತ್ತು. ಮಾರಿದತ್ತನು ಅದನ್ನು ಬಿಟ್ಟು ದೀಕ್ಷೆಗೆ ನಡೆಯುತ್ತಾನೆ.

ಇಷ್ಟಾದರೂ ಅಮೃತಮತಿ ಈ ಲೆಕ್ಕದೊಳಗೆ ಪೂರ್ತಿಯಾಗಿ ಸೇರುವುದಿಲ್ಲ ಎಂಬುದನ್ನು ಒಪ್ಪಬೇಕು. ಅವಳ ಪ್ರೇಮ ಆಶಯಕ್ಕೆ ಬೇಕಾದ ನಿಮಿತ್ತ ಮಾತ್ರ; ನಿಮಿತ್ತಕ್ಕೆ ಬೇಕಾದುದಕ್ಕಿಂತ ಹೆಚ್ಚಿನ ಜೀವವನ್ನು ಜನ್ನ ಅವಳಲ್ಲಿ ತುಂಬಿದ್ದಾನೆ. ರೂಪದ ಮಾತೆತ್ತಿದ ಗೆಳತಿಗೆ ಅವಳು ಕೊಡುವ ಉತ್ತರದಲ್ಲಿ ಲಜ್ಜೆಯಿಲ್ಲ, ನೆಪವಿಲ್ಲ. ಒಂದು ಸೂಕ್ಷ್ಮವನ್ನು ಇಲ್ಲಿ ನೆನೆಯಬಹುದು: ಕತೆ ಹೇಳುತ್ತಿರುವವನು ಹಿಂದಿನ ಭವದ ಗಂಡ, ಅವಳ ಕೈಯಿಂದ ವಿಷವುಂಡವನು. ಅವನ ಬಾಯಲ್ಲೇ ಅವಳ ಪಕ್ಷದ ಅತ್ಯುತ್ತಮ ಮಾತುಗಳು ಬರುತ್ತವೆ. ದ್ವೇಷ ಅಳಿದವನ ನಿರೂಪಣೆ ಹೀಗಿರಬೇಕೆಂದು ಜನ್ನ ಬಗೆದಿದ್ದನೋ, ಅಥವಾ ಕವಿಯ ಕೈ ನಿರೂಪಕನನ್ನು ಮೀರಿ ಓಡಿತೋ? ‘ಅನಂತನಾಥ ಪುರಾಣ’ದಲ್ಲಿ ಗೆಳೆಯನ ಹೆಂಡತಿ ಸುನಂದೆಗಾಗಿ ಹುಚ್ಚಾಗಿ, ಅವಳ ಸಾವಿನೊಡನೆ ತಾನೂ ಸತ್ತ ಚಂಡಶಾಸನನನ್ನು ಚಿತ್ರಿಸಿದವನೂ ಇವನೇ. ದಾರಿ ತಪ್ಪಿದ ಪ್ರೇಮದ ಮೇಲೆ ಜನ್ನನಿಗಿದ್ದ ಕುತೂಹಲ ಒಂದು ಕಾವ್ಯಕ್ಕೆ ಸೀಮಿತವಾಗಿರಲಿಲ್ಲ. ಆಶಯಕ್ಕೆ ದಕ್ಕದೆ ಉಳಿದ ಈ ಶೇಷವು ಕಾವ್ಯದ ದೋಷವಲ್ಲ. ಆದರೆ ಅದನ್ನೇ ಆಶಯವೆಂದು ಕರೆಯಲಾಗದು.

ಇಪ್ಪತ್ತನೆಯ ಶತಮಾನ ಆ ಶೇಷವನ್ನೇ ಎತ್ತಿಕೊಂಡಿತು. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ (1980) ನಾಟಕವು ಭವಾವಳಿಯನ್ನು ಕೈಬಿಟ್ಟು, ರಾಜ, ರಾಣಿ, ರಾಜಮಾತೆ, ಮಾವುತ ಈ ನಾಲ್ವರನ್ನು ಒಂದು ರಾತ್ರಿಯೊಳಗೆ ಕೂಡಿಹಾಕುತ್ತದೆ. ಜನ್ನನಲ್ಲಿ ಅರಸನ ಒಳಗಿದ್ದ ಬಿರುಕನ್ನು ಕಾರ್ನಾಡರು ಮನೆತನದ ನಡುವೆ ತಂದಿಟ್ಟರು: ರಾಣಿ ಜೈನಳು, ರಾಜಮಾತೆ ಬಲಿ ಬೇಡುವ ದೇವತೆಯ ಭಕ್ತೆ, ನಡುವೆ ಸಿಕ್ಕಿದ ರಾಜ. ಬಲಿಯನ್ನು ಪ್ರಶ್ನಿಸುವ ನೈತಿಕ ದನಿ ಯಶೋಧರನಿಂದ ರಾಣಿಗೆ ವರ್ಗವಾದದ್ದೇ ಇಲ್ಲಿನ ದೊಡ್ಡ ಬದಲಾವಣೆ. ಪುನರ್ಜನ್ಮ ಹೋದ ಮೇಲೆ ಫಲವನ್ನು ತೋರಿಸಲು ನಾಟಕಕಾರನಿಗೆ ಉಳಿದದ್ದು ಆ ಒಂದು ರಾತ್ರಿ ಮಾತ್ರ. ಹಾಗಿದ್ದೂ ಹುಂಜ ಅಲ್ಲಿಯೂ ಕೂಗುತ್ತದೆ. ಸಂಕಲ್ಪವೂ ಹಿಂಸೆಯೇ ಎಂಬ ಹಳೆಯ ಪ್ರಶ್ನೆಯನ್ನು ಕಾರ್ನಾಡರು ಬಿಡಲಿಲ್ಲ. ನಾಟಕವನ್ನು ಓದಿದ ಮೇಲೆ ಕಾವ್ಯಕ್ಕೆ ಮರಳುವ ವಿದ್ಯಾರ್ಥಿಗಳು ರಾಜಮಾತೆಯ ಪಾತ್ರವನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ನಾಟಕದಲ್ಲಿ ಅವಳು ಎದುರುಪಕ್ಷ. ಜನ್ನನಲ್ಲಿ ಅವಳು ಮಗನೊಡನೆ ಸತ್ತು, ಮಗನೊಡನೆ ಹುಟ್ಟಿ, ಒಮ್ಮೆ ಅವನನ್ನು ಕೊಂದು, ಕೊನೆಗೆ ಅವಳಿಜವಳಿಯಾಗಿ ಅವನ ಜೊತೆಗೇ ಮನುಷ್ಯಜನ್ಮಕ್ಕೆ ಬಂದವಳು. ಮಾರಿದತ್ತನ ಮುಂದೆ ಅಭಯರುಚಿ ಕತೆ ಹೇಳುತ್ತಿರುವಾಗ ಪಕ್ಕದಲ್ಲಿ ನಿಂತಿರುವ ತಂಗಿ ಅಭಯಮತಿ ಬೇರೆ ಯಾರೂ ಅಲ್ಲ. ಹಿಟ್ಟಿನ ಕೋಳಿಯನ್ನು ಮಾಡೋಣವೆಂದು ಅಂದು ಹೇಳಿದ ಚಂದ್ರಮತಿ.